ಎಂಜಿನ್ ಕೆಲಸವಿರುವ ಹಳೆಯ ಕಾರು: ಕೊಳ್ಳುವುದೋ ಬಿಡುವುದೋ

ಹಲಸೂರಿನಿಂದ ಹೊರಟು ಇಂದಿರಾನಗರದ ಅಂಚನ್ನು ಸವರಿಕೊಂಡು, ಟಿನ್ ಫ್ಯಾಕ್ಟರಿಯನ್ನು ಹಾದು ಕೆ.ಆರ್. ಪುರದತ್ತ ಸಾಗುವ ಹಳೆಯ ಮದ್ರಾಸ್ ರಸ್ತೆಯ ಆಸುಪಾಸಿನಲ್ಲಿಯೂ, ಅತ್ತ ದಂಡು ಪ್ರದೇಶದ ಶಿವಾಜಿನಗರದ ಗುಜರಿ ಗಲ್ಲಿಗಳಲ್ಲಿಯೂ ಹಳೆಯ ಕಾರುಗಳ ಮಾರಾಟ, ದುರಸ್ತಿ ಮತ್ತು ಬಿಡಿಭಾಗಗಳ ವ್ಯಾಪಾರ ಒಂದಕ್ಕೊಂದು ಹೆಣೆದುಕೊಂಡು ನಡೆದುಬಂದಿವೆ. ನಗರದ ಈ ಪೂರ್ವ ಭಾಗದಲ್ಲಿ ಕಡಿಮೆ ಹಣಕ್ಕೆ ಕಾರು ಹುಡುಕುವ ಕುಟುಂಬಕ್ಕೆ ಇಂದಲ್ಲ ನಾಳೆ ಎದುರಾಗುವ ಮಾತೆಂದರೆ, ಬಾಡಿ ಚೆನ್ನಾಗಿದೆ, ಕಾಗದಪತ್ರ ಸರಿಯಾಗಿವೆ, ಎಂಜಿನ್‌ನಲ್ಲಿ ಮಾತ್ರ ಸ್ವಲ್ಪ ಕೆಲಸವಿದೆ, ಅದಕ್ಕೇ ರೇಟು ಕಡಿಮೆ ಎಂಬುದು. ಈ ಮಾತು ಸುಳ್ಳೇ ಆಗಿರಬೇಕೆಂದಿಲ್ಲ. ಆದರೆ ‘ಸ್ವಲ್ಪ ಕೆಲಸ’ ಎಂಬ ಎರಡು ಪದಗಳೊಳಗೆ ಒಂದು ಸ್ಪಾರ್ಕ್ ಪ್ಲಗ್ ಬದಲಿಸುವುದರಿಂದ ಹಿಡಿದು ಕಾರಿನ ಅರ್ಧ ಬೆಲೆಯನ್ನೇ ನುಂಗುವ ಪೂರ್ಣ ಎಂಜಿನ್ ಕೆಲಸದವರೆಗೆ ಏನು ಬೇಕಾದರೂ ಅಡಗಿರಬಹುದು. ಎಂಜಿನ್ ಬಿಚ್ಚುವ ತನಕ ಅದರ ನಿಜವಾದ ಅಳತೆ ಮಾರುವವರಿಗೂ ಗೊತ್ತಿರುವುದಿಲ್ಲ. ಆದ್ದರಿಂದ ಕೊಳ್ಳುವವರು ಮಾರುವವರ ಅಂದಾಜನ್ನು ನಂಬಿ ಬೆಲೆ ಕಟ್ಟದೆ, ಎಂಜಿನ್ ಪೂರ್ತಿ ಹೋಗಿದೆಯೆಂದೇ ಎಣಿಸಿ ಬೆಲೆ ಕಟ್ಟಬೇಕು, ಆ ಬೆಲೆಗೆ ಸಿಗದಿದ್ದರೆ ಕಾರನ್ನು ಬಿಡಬೇಕು ಎಂಬುದೇ ಈ ಲೇಖನದ ವಾದ.

ಎಂಜಿನ್‌ಗಿಂತ ಮೊದಲು ನೋಡಬೇಕಾದದ್ದು ಕಾರಿನ ವಯಸ್ಸು, ಏಕೆಂದರೆ ಕಾನೂನು ಅದಕ್ಕೊಂದು ಗಡುವನ್ನು ಹಾಕಿದೆ. 1988ರ ಮೋಟಾರು ವಾಹನ ಕಾಯ್ದೆಯ 41ನೆಯ ಕಲಮಿನ ಪ್ರಕಾರ ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷಗಳವರೆಗೆ ಊರ್ಜಿತವಾಗಿರುತ್ತದೆ. ಅನಂತರ ಆರ್‌ಟಿಓ ಕಚೇರಿಯಲ್ಲಿ ವಾಹನವನ್ನು ತಪಾಸಣೆಗೆ ಒಡ್ಡಿ ಐದೈದು ವರ್ಷಗಳಿಗೆ ನವೀಕರಿಸಬೇಕು. ಜನ ಇದನ್ನೇ ‘ಎಫ್‌ಸಿ ಮಾಡಿಸುವುದು’ ಎನ್ನುತ್ತಾರೆ. ಹಿಂದೆ 600 ರೂಪಾಯಿಯಿದ್ದ ಈ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ ಕಾರುಗಳಿಗೆ 5,000 ರೂಪಾಯಿಯಾಯಿತು, 20 ವರ್ಷ ಮೀರಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಗೆ ಏರಿತು. ರಾಜ್ಯದ ಹಸಿರು ತೆರಿಗೆ ಬೇರೆ, ತಡಮಾಡಿದರೆ ತಿಂಗಳಿಗೆ 500 ರೂಪಾಯಿಯ ದಂಡ ಬೇರೆ. ಹತ್ತು ವರ್ಷದ ಡೀಸೆಲ್ ಕಾರು, ಹದಿನೈದು ವರ್ಷದ ಪೆಟ್ರೋಲ್ ಕಾರುಗಳನ್ನು ರಸ್ತೆಯಿಂದ ಇಳಿಸಬೇಕೆಂಬ ದೆಹಲಿ ಸುತ್ತಲಿನ ಆದೇಶ ಕರ್ನಾಟಕಕ್ಕೆ ಅನ್ವಯಿಸುವುದಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಆ ಭಯವನ್ನು ತೋರಿಸಿ ಬೆಲೆ ಇಳಿಸುವವರೂ ಇದ್ದಾರೆ, ಆ ಆದೇಶದ ದೆಸೆಯಿಂದಲೇ ಅಗ್ಗವಾದ ದೆಹಲಿ ನೋಂದಣಿಯ ಕಾರುಗಳನ್ನು ಇಲ್ಲಿಗೆ ತಂದು ಮಾರುವವರೂ ಇದ್ದಾರೆ.

ಈ ಗಡುವು ಕಾಗದದ ಮೇಲಿನ ಸಂಗತಿಯಷ್ಟೇ ಅಲ್ಲ ಎಂಬುದಕ್ಕೆ ಮಾರುತಿ 800 ಒಳ್ಳೆಯ ನಿದರ್ಶನ. 1983ರ ಡಿಸೆಂಬರ್‌ನಲ್ಲಿ ಬಂದ, ಮೂರು ಸಿಲಿಂಡರಿನ 796 ಸಿಸಿ ಎಂಜಿನ್ನಿನ ಈ ಕಾರಿನ ತಯಾರಿಕೆ 2014ರ ಜನವರಿಯವರೆಗೆ ನಡೆದರೂ, 2010ರ ಏಪ್ರಿಲ್ 1ರಂದು ಬೆಂಗಳೂರೂ ಸೇರಿದಂತೆ 13 ನಗರಗಳಲ್ಲಿ ಭಾರತ್ ಸ್ಟೇಜ್-4 ಎಂಬ ಹೊಗೆ ಮಿತಿ ಜಾರಿಯಾದಾಗ ಈ ಊರುಗಳಲ್ಲಿ ಅದರ ಹೊಸ ಮಾರಾಟ ನಿಂತಿತು. ಹಾಗಾಗಿ ಬೆಂಗಳೂರಿನಲ್ಲೇ ಹೊಸದಾಗಿ ನೋಂದಣಿಯಾದ ಮಾರುತಿ 800 ಕಾರುಗಳೆಲ್ಲ ಹೆಚ್ಚುಕಡಿಮೆ 15 ವರ್ಷ ದಾಟಿವೆ. ಇಂದಿಗೂ ಇಂದಿರಾನಗರ ಆರ್‌ಟಿಓ ಎಂದೇ ಜನ ಕರೆಯುವ ಪೂರ್ವ ವಲಯದ ಕಚೇರಿಯ ಕೆಎ-03 ಫಲಕ ಹೊತ್ತ ಅಂಥ ಕಾರು ಮಾರಾಟಕ್ಕೆ ಬಂದರೆ, ನವೀಕರಣ ಆಗಿದೆಯೋ ಇಲ್ಲವೋ, ಆಗಿದ್ದರೆ ಎಷ್ಟು ವರ್ಷ ಉಳಿದಿದೆ ಎಂಬುದೇ ಮೊದಲ ಪ್ರಶ್ನೆಯಾಗಬೇಕು. ಹದಿನಾಲ್ಕೂವರೆ ವರ್ಷದ, ಹೊಗೆಯುಗುಳುವ ಕಾರನ್ನು ಕೊಳ್ಳುವವರು ಒಂದೇ ಕಾರಿನ ಜೊತೆ ಎರಡು ಬಿಲ್ಲುಗಳನ್ನು ಕೊಳ್ಳುತ್ತಾರೆ. ಎಂಜಿನ್ ಸರಿಪಡಿಸದೆ ಅದು ತಪಾಸಣೆಯಲ್ಲಿ ಪಾಸಾಗದು, ತಪಾಸಣೆ ಪಾಸಾಗದೆ ಅದನ್ನು ರಸ್ತೆಗೆ ಇಳಿಸುವಂತಿಲ್ಲ.

ಇನ್ನು ಎಂಜಿನ್ನಿನ ವಿಷಯ. ಸಿಲಿಂಡರ್ ಎಂಬ ಕೊಳವೆಯೊಳಗೆ ಪಿಸ್ಟನ್ ಎಂಬ ಕೊರಡು ಮೇಲೆ ಕೆಳಗೆ ಓಡಾಡುತ್ತ ಗಾಳಿ ಮತ್ತು ಇಂಧನದ ಮಿಶ್ರಣವನ್ನು ಅದುಮುತ್ತದೆ, ಅದು ಹೊತ್ತಿಕೊಂಡಾಗ ಕೆಳಕ್ಕೆ ತಳ್ಳಿಸಿಕೊಳ್ಳುತ್ತದೆ, ಆ ತಳ್ಳುವಿಕೆಯೇ ಕನೆಕ್ಟಿಂಗ್ ರಾಡ್ ಎಂಬ ತೋಳಿನ ಮೂಲಕ ಕ್ರ್ಯಾಂಕ್ ಶಾಫ್ಟನ್ನು ತಿರುಗಿಸಿ ಚಕ್ರಗಳಿಗೆ ಶಕ್ತಿ ಕೊಡುತ್ತದೆ. ಸೈಕಲ್ ಪಂಪಿನ ಒಳಗಿನ ಚರ್ಮದ ವಾಷರ್ ಸವೆದರೆ ಎಷ್ಟು ಒತ್ತಿದರೂ ಗಾಳಿ ಟ್ಯೂಬಿಗೆ ಹೋಗದಂತೆಯೇ, ಪಿಸ್ಟನ್ನಿನ ಸುತ್ತ ಕೂತಿರುವ ಉಂಗುರಗಳು, ಅಂದರೆ ರಿಂಗುಗಳು ಸವೆದರೆ ಒತ್ತಡ ಸೋರಿ ಎಂಜಿನ್ ಬಲಗುಂದುತ್ತದೆ. ಸೋರಿದ ಬಿಸಿ ಅನಿಲ ಕೆಳಗಿನ ಎಣ್ಣೆಯ ಕೋಣೆಗೆ ನುಗ್ಗುತ್ತದೆ, ಎಣ್ಣೆ ಮೇಲಕ್ಕೆ ಏರಿ ಉರಿಯುತ್ತದೆ. ಎಂಜಿನ್ ಓಡುತ್ತಿರುವಾಗ ಎಣ್ಣೆ ಹಾಕುವ ಮುಚ್ಚಳವನ್ನು ತೆಗೆದರೆ ಅಲ್ಲಿಂದ ಬುಸುಬುಸು ಎಂದು ಹೊಗೆ ಏಳುವುದನ್ನು ಗ್ಯಾರೇಜಿನವರು ‘ಬ್ಯಾಕ್ ಕಂಪ್ರೆಷನ್’ ಎನ್ನುತ್ತಾರೆ. ಶಿವಾಜಿನಗರದ ದಖನಿ ಮಾತಿನ ಮೆಕ್ಯಾನಿಕ್ಕಿನಿಂದ ಹಲಸೂರಿನ ತಮಿಳು ಮಾತಿನ ಮೆಕ್ಯಾನಿಕ್ಕಿನವರೆಗೆ ಎಲ್ಲರ ಬಾಯಲ್ಲೂ ಇದೊಂದು ಪದ ಬದಲಾಗುವುದಿಲ್ಲ, ಮತ್ತು ಇದು ಕೇಳಿಬಂದಲ್ಲಿ ಕೆಲಸ ಸ್ವಲ್ಪದ್ದಲ್ಲವೆಂದೇ ತಿಳಿಯಬೇಕು.

ಹೊಗೆಯ ಬಣ್ಣವೂ ಬಹಳಷ್ಟನ್ನು ಹೇಳುತ್ತದೆ. ನೀಲಿ ಹೊಗೆಯೆಂದರೆ ಎಣ್ಣೆ ಉರಿಯುತ್ತಿದೆ. ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಮಾತ್ರ ಒಂದು ಸುರುಳಿ ಬಂದು ನಿಂತರೆ ವಾಲ್ವ್ ಸೀಲು ಎಂಬ ಸಣ್ಣ ರಬ್ಬರ್ ಭಾಗ ಹಳತಾಗಿರಬಹುದು, ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಬಂದರೆ ರಿಂಗು ಅಥವಾ ಸಿಲಿಂಡರಿನ ಗೋಡೆ ಸವೆದಿರುವ ಸಂಭವ ಹೆಚ್ಚು. ಕಪ್ಪು ಹೊಗೆ ಇಂಧನ ಅತಿಯಾಗುತ್ತಿರುವುದರ ಸೂಚನೆಯಾಗಿದ್ದು, ಪೆಟ್ರೋಲ್ ಕಾರಿನಲ್ಲಿ ಹಲವು ವೇಳೆ ಕಡಿಮೆ ಖರ್ಚಿನಲ್ಲಿ ಮುಗಿಯುತ್ತದೆ, ಡೀಸೆಲ್ ಕಾರಿನಲ್ಲಿ ಇಂಜೆಕ್ಟರ್, ಟರ್ಬೊಗಳವರೆಗೆ ಎಳೆದುಕೊಂಡು ಹೋಗಿ ದುಬಾರಿಯಾಗಬಹುದು. ಚಳಿಯ ಮುಂಜಾವಿನ ಆವಿಯನ್ನು ಬಿಟ್ಟು, ಎಂಜಿನ್ ಕಾದ ಮೇಲೂ ನಿಲ್ಲದ ಬಿಳಿ ಹೊಗೆ ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಅದು ಎಂಜಿನ್ನನ್ನು ತಂಪಾಗಿಡುವ ಕೂಲೆಂಟ್ ದ್ರವ ಸಿಲಿಂಡರಿನೊಳಗೆ ಇಳಿಯುತ್ತಿರುವುದರ ಗುರುತು. ಎಂಜಿನ್ನಿನ ಮೇಲುಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವೆ ಇರುವ ಹೆಡ್ ಗ್ಯಾಸ್ಕೆಟ್ ಎಂಬ ತಗಡು ಸುಟ್ಟಾಗ, ಅಥವಾ ಅತಿಯಾದ ಬಿಸಿಗೆ ಅಲ್ಯೂಮಿನಿಯಂ ಹೆಡ್ಡು ಸೊಟ್ಟಗಾದಾಗ ಹೀಗಾಗುತ್ತದೆ. ಎಣ್ಣೆ ಮುಚ್ಚಳದ ಒಳಬದಿಯಲ್ಲಿ ಮಜ್ಜಿಗೆಯಂಥ ಬಿಳಿ ಲೋಳೆ ಮೆತ್ತಿಕೊಂಡಿದ್ದರೆ ನೀರೂ ಎಣ್ಣೆಯೂ ಬೆರೆತಿವೆಯೆಂಬ ಅನುಮಾನ ಇನ್ನಷ್ಟು ಬಲವಾಗುತ್ತದೆ.

ಬೆಂಗಳೂರಿನ ಪೂರ್ವ ಭಾಗದಲ್ಲಿ ಈ ಬಿಸಿಯೇರುವ ಕಾಯಿಲೆಗೆ ಎರಡು ಸ್ಥಳೀಯ ಕಾರಣಗಳಿವೆ. ಒಂದು, ಕೂಲೆಂಟ್ ಬದಲು ಕೊಳವೆಬಾವಿಯ ಅಥವಾ ಟ್ಯಾಂಕರಿನ ಗಡಸು ನೀರನ್ನು ರೇಡಿಯೇಟರಿಗೆ ಸುರಿಯುವ ಅಭ್ಯಾಸ. ಸ್ನಾನದ ಮನೆಯ ಗೀಸರಿನಲ್ಲಿ ಕಟ್ಟುವ ಅದೇ ಬಿಳಿ ಸುಣ್ಣದ ಪೊರೆ ಎಂಜಿನ್ನಿನ ನೀರಿನ ದಾರಿಗಳಲ್ಲಿಯೂ ಕಟ್ಟಿ ಅವನ್ನು ಕಿರಿದು ಮಾಡುತ್ತದೆ. ಇನ್ನೊಂದು, ಸಂಚಾರ ದಟ್ಟಣೆ. ಟಿನ್ ಫ್ಯಾಕ್ಟರಿಯಿಂದ ಮಾರತ್ತಹಳ್ಳಿಯ ಕಡೆಗೆ ಸಂಜೆಯ ಹೊತ್ತು ತೆವಳುವ ಕಾರಿನ ಎಂಜಿನ್ ಗಂಟೆಗಟ್ಟಲೆ ಓಡಿದರೂ ಮೀಟರಿನಲ್ಲಿ ಕೂಡುವುದು ಕೆಲವೇ ಕಿಲೋಮೀಟರು. ಹೆದ್ದಾರಿಯಲ್ಲಿ ಗಂಟೆಗೆ 60 ಕಿ.ಮೀ. ಸರಾಸರಿಯಲ್ಲಿ 60,000 ಕಿ.ಮೀ. ಓಡಿದ ಕಾರಿನ ಎಂಜಿನ್ ದುಡಿದದ್ದು 1,000 ಗಂಟೆ. ಅದೇ ದೂರವನ್ನು ಗಂಟೆಗೆ 15 ಕಿ.ಮೀ. ಸರಾಸರಿಯಲ್ಲಿ ಕ್ರಮಿಸಿದ್ದು 4,000 ಗಂಟೆ ದುಡಿದಿರುತ್ತದೆ. ಆದ್ದರಿಂದ ಮೀಟರಿನ ಅಂಕಿ ತಿದ್ದಿದ್ದಲ್ಲವೆಂದು ಖಾತ್ರಿಯಾದರೂ, ಅದು ಎಂಜಿನ್ನಿನ ವಯಸ್ಸನ್ನು ಕಡಿಮೆ ತೋರಿಸುತ್ತದೆ ಎಂಬುದನ್ನು ಮರೆಯಬಾರದು. ಇದಕ್ಕೆ ಪ್ರತಿಯಾಗಿ ಈ ಊರಿನ ಕಾರುಗಳ ಪರವಾಗಿಯೂ ಒಂದು ಮಾತಿದೆ: ಸಮುದ್ರದಿಂದ ದೂರ, 900 ಮೀಟರಿಗೂ ಮಿಕ್ಕಿದ ಎತ್ತರದಲ್ಲಿರುವ ಬೆಂಗಳೂರಿನಲ್ಲೇ ಬದುಕಿದ ಕಾರಿನ ತಗಡು, ಮಂಗಳೂರಿನ ಅಥವಾ ಚೆನ್ನೈಯ ಉಪ್ಪುಗಾಳಿಯಲ್ಲಿ ಬದುಕಿದ ಕಾರಿನಷ್ಟು ಬೇಗ ತುಕ್ಕು ಹಿಡಿಯುವುದಿಲ್ಲ. ಎಂಜಿನ್ನನ್ನು ಮತ್ತೆ ಕಟ್ಟಬಹುದು, ತುಕ್ಕು ತಿಂದ ಚಾಸಿಯನ್ನು ಹಾಗೆ ಕಟ್ಟಲಾಗುವುದಿಲ್ಲವಾದ್ದರಿಂದ ಈ ಅನುಕೂಲ ಸಣ್ಣದಲ್ಲ.

ನೀರಿಗೆ ಸಿಕ್ಕ ಕಾರುಗಳದ್ದು ಬೇರೆಯೇ ಕಥೆ. 2022ರ ಸೆಪ್ಟೆಂಬರ್‌ನ ಮಳೆಗೆ ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳಲ್ಲಿ, 2025ರ ಮೇ ತಿಂಗಳಲ್ಲಿ ಹೊರಮಾವಿನ ಸಾಯಿ ಲೇಔಟಿನಲ್ಲಿ ನೀರು ನಿಂತದ್ದು ನಗರದವರಿಗೆಲ್ಲ ನೆನಪಿದೆ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಹಾಗಾಗಿ ಗಾಳಿಯ ದಾರಿಯಲ್ಲಿ ನೀರು ಸೇರಿದ ಎಂಜಿನ್ನನ್ನು ಸ್ಟಾರ್ಟ್ ಮಾಡಿದರೆ ಪಿಸ್ಟನ್ ಮೇಲಕ್ಕೇರಲಾಗದೆ ಕನೆಕ್ಟಿಂಗ್ ರಾಡು ಬಾಗುತ್ತದೆ. ಇದನ್ನು ಹೈಡ್ರೋಸ್ಟಾಟಿಕ್ ಲಾಕ್ ಎನ್ನುತ್ತಾರೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದಾಗ ಕಾಣುವ ಕೆಸರಿನ ಗೆರೆ, ಕಾರ್ಪೆಟ್ಟಿನ ಅಡಿಯ ಮಣ್ಣು, ಸೀಟಿನ ಕಂಬಿಗಳ ತುಕ್ಕು, ಫ್ಯೂಸ್ ಪೆಟ್ಟಿಗೆಯ ಹಸಿರು ಕಿಲುಬು ಇವುಗಳಲ್ಲಿ ಒಂದು ಕಂಡರೂ ಆ ಕಾರನ್ನು ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ಕೊಳ್ಳಬಾರದು. ಎಂಜಿನ್ ಸರಿಹೋದರೂ ಅದರ ವೈರಿಂಗ್ ವರ್ಷಗಟ್ಟಲೆ ಒಂದಲ್ಲ ಒಂದು ತೊಂದರೆ ಕೊಡುತ್ತಲೇ ಇರುತ್ತದೆ.

ಪರೀಕ್ಷೆಗೆ ಹೋಗುವಾಗ ಎಂಜಿನ್ ತಣ್ಣಗಿರಬೇಕು, ಅಂದರೆ ಬಾನೆಟ್ ಮುಟ್ಟಿದರೆ ಬಿಸಿ ತಾಗಬಾರದು, ಏಕೆಂದರೆ ಮೊದಲೇ ಓಡಿಸಿ ಕಾಯಿಸಿಟ್ಟ ಎಂಜಿನ್ ತನ್ನ ಅರ್ಧ ದೋಷಗಳನ್ನು ಮರೆಮಾಚುತ್ತದೆ. ಕೀಲಿ ತಿರುಗಿಸಿದಾಗ ಎಣ್ಣೆಯ ದೀಪವೂ ಚೆಕ್ ಎಂಜಿನ್ ದೀಪವೂ ಹತ್ತಿ, ಸ್ಟಾರ್ಟ್ ಆದ ಮೇಲೆ ಆರಬೇಕು. ಹತ್ತದೇ ಇದ್ದರೆ ಯಾರೋ ದೀಪವನ್ನೇ ಕಿತ್ತಿರಬಹುದು. 2010ರ ಏಪ್ರಿಲ್‌ನಿಂದ ಹಂತಹಂತವಾಗಿ ಕಡ್ಡಾಯವಾದ ಓಬಿಡಿ ಎಂಬ ಸ್ವಯಂ ತಪಾಸಣಾ ವ್ಯವಸ್ಥೆಯಿರುವ ಕಾರಾದರೆ ಸ್ಕ್ಯಾನರ್ ಹಾಕಿಸಿ ದೋಷ ಸಂಕೇತಗಳನ್ನು ಓದಿಸಬಹುದು. ಆದರೆ ಸ್ಕ್ಯಾನರ್ ಸೆನ್ಸರುಗಳ ಮಾತನ್ನಷ್ಟೇ ಹೇಳುತ್ತದೆ, ಲೋಹದ ಸವೆತವನ್ನು ನೇರವಾಗಿ ಅಳೆಯುವುದಿಲ್ಲ. ಅದಕ್ಕೆ ಬೇಕಾದದ್ದು ಕಂಪ್ರೆಷನ್ ಪರೀಕ್ಷೆ. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಆ ರಂಧ್ರಕ್ಕೆ ಒತ್ತಡದ ಗೇಜನ್ನು ಸಿಕ್ಕಿಸಿ, ಎಂಜಿನ್ನನ್ನು ಸ್ಟಾರ್ಟರಿನಿಂದ ತಿರುಗಿಸಿ ಪ್ರತಿ ಸಿಲಿಂಡರಿನ ಒತ್ತಡವನ್ನು ಬರೆದುಕೊಳ್ಳುವುದೇ ಈ ಪರೀಕ್ಷೆ. ಸಿಲಿಂಡರುಗಳ ನಡುವೆ ಶೇ. 10-15ಕ್ಕಿಂತ ಹೆಚ್ಚಿನ ಅಂತರವಿದ್ದರೆ ದೋಷವಿದೆ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆದಾಗ ಒತ್ತಡ ಏರಿದರೆ ರಿಂಗು ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್ ಸೋರುತ್ತಿದೆ ಎಂದರ್ಥ. ಕಾರು ಮಾರುವವರ ಗ್ಯಾರೇಜಿನಲ್ಲಿ ಅಲ್ಲದೆ ಬೇರೊಬ್ಬ ಮೆಕ್ಯಾನಿಕ್ಕಿಗೆ ಹಣ ಕೊಟ್ಟು ಮಾಡಿಸುವ ಈ ಒಂದು ಗಂಟೆಯ ಕೆಲಸದಷ್ಟು ಲಾಭದಾಯಕವಾದ ಖರ್ಚು ಹಳೆಯ ಕಾರಿನ ವ್ಯವಹಾರದಲ್ಲಿ ಇನ್ನೊಂದಿಲ್ಲ. ಇದಕ್ಕೆ ಮಾರುವವರು ಒಪ್ಪದಿದ್ದರೆ ಮಾತನ್ನು ಅಲ್ಲಿಗೇ ನಿಲ್ಲಿಸುವುದು ಲೇಸು.

ದುರಸ್ತಿಯಲ್ಲಿ ಮೂರು ಮೆಟ್ಟಿಲುಗಳಿವೆ. ಹೆಡ್ಡನ್ನು ಮಾತ್ರ ಇಳಿಸಿ ವಾಲ್ವ್ ಕೂರಿಸಿ, ಸೊಟ್ಟಗಾಗಿದ್ದರೆ ಲೇತ್ ಅಂಗಡಿಯಲ್ಲಿ ಅದರ ಮುಖವನ್ನು ಸಮ ಮಾಡಿಸಿ, ಗ್ಯಾಸ್ಕೆಟ್ ಬದಲಿಸುವುದು ಹೆಡ್ ಕೆಲಸ. ಅದರೊಂದಿಗೆ ರಿಂಗು, ಬೇರಿಂಗುಗಳನ್ನೂ ಬದಲಿಸಿದರೆ ‘ಹಾಫ್ ಎಂಜಿನ್’. ಎಂಜಿನ್ನನ್ನು ಕೆಳಗಿಳಿಸಿ, ಸವೆದ ಸಿಲಿಂಡರನ್ನು ಕೊರೆದು ಅಗಲ ಮಾಡಿ, ಮೂಲ ಅಳತೆಗಿಂತ 0.25 ಅಥವಾ 0.50 ಮಿಲಿಮೀಟರಿನಷ್ಟು ದಪ್ಪನೆಯ ಓವರ್‌ಸೈಜ್ ಪಿಸ್ಟನ್ ಹಾಕಿ, ಕ್ರ್ಯಾಂಕನ್ನೂ ಅರೆಸಿ ಕೂರಿಸುವುದು ‘ಫುಲ್ ಎಂಜಿನ್’. ಈ ಹೆಸರುಗಳ ಎಲ್ಲೆ ಗ್ಯಾರೇಜಿನಿಂದ ಗ್ಯಾರೇಜಿಗೆ ಬದಲಾಗುತ್ತದೆಯಾದ್ದರಿಂದ, ಒಂದು ಕಡೆಯ ‘ಹಾಫ್ ಎಂಜಿನ್’ ದರವನ್ನು ಇನ್ನೊಂದು ಕಡೆಯದಕ್ಕೆ ಹೋಲಿಸುವ ಮುನ್ನ ಯಾವ ಯಾವ ಭಾಗ ಬದಲಾಗುತ್ತದೆ, ಲೇತ್ ಕೂಲಿ ಸೇರಿದೆಯೇ, ಎಣ್ಣೆ ಮತ್ತು ಕೂಲೆಂಟ್ ಸೇರಿವೆಯೇ ಎಂಬುದನ್ನು ಕಾಗದದ ಮೇಲೆ ಬರೆಸಿಕೊಳ್ಳಬೇಕು. ಎಂಜಿನ್ ಕೆಳಗಿಳಿದ ಮೇಲೆ ಕ್ಲಚ್ ಪ್ಲೇಟು, ಎಂಜಿನ್ ಮೌಂಟಿಂಗು, ನೀರಿನ ಪಂಪು, ಟೈಮಿಂಗ್ ಬೆಲ್ಟುಗಳನ್ನೂ ಆಗಲೇ ಬದಲಿಸುವುದು ವಿವೇಕ. ಮತ್ತೆ ಬಿಚ್ಚುವ ಕೂಲಿ ಉಳಿಯುತ್ತದೆ, ಬಿಲ್ಲು ಮಾತ್ರ ಮೊದಲ ಅಂದಾಜನ್ನು ದಾಟುತ್ತದೆ.

ಹೊಸ ಬಿಡಿಭಾಗಗಳಿಗೆ ನಗರದಲ್ಲಿ ಜೆ.ಸಿ. ರಸ್ತೆ ಹೆಸರಾದರೆ, ಬಳಸಿದ ಭಾಗಗಳಿಗೆ ಶಿವಾಜಿನಗರದ ಗುಜರಿ ಹೆಸರಾಗಿದೆ. ತಯಾರಿಕೆ ನಿಂತ ಕಾರುಗಳ ಬಾಗಿಲ ಹಿಡಿ, ದೀಪ, ಆಲ್ಟರ್ನೇಟರ್ ಮುಂತಾದವು ಹೊಸತಾಗಿ ಸಿಗದೆ ಅಲೆಯುವವರಿಗೆ ಗುಜರಿ ನಿಜವಾಗಿಯೂ ಉಪಕಾರಿ. ಹಳೆಯ ಕಾರುಗಳು ರಸ್ತೆಯಲ್ಲಿ ಉಳಿದಿರುವುದಕ್ಕೆ ಆ ಸಣ್ಣ ಅಂಗಡಿಗಳವರ ಜ್ಞಾಪಕಶಕ್ತಿ ಮತ್ತು ಕೈಚಳಕಗಳೂ ಕಾರಣವೆಂದು ಗೌರವದಿಂದಲೇ ಹೇಳಬೇಕು. ಆದರೆ ಇಡೀ ಎಂಜಿನ್ನನ್ನೇ ಗುಜರಿಯಿಂದ ತಂದು ಕೂರಿಸುವ ಸಲಹೆಯನ್ನು ಒಪ್ಪುವ ಮುನ್ನ ಯೋಚಿಸಬೇಕಾದದ್ದಿದೆ. ಎಂಜಿನ್ ಸಂಖ್ಯೆ ನೋಂದಣಿ ಪತ್ರದಲ್ಲಿ, ಅಂದರೆ ಆರ್‌ಸಿಯಲ್ಲಿ ದಾಖಲಾಗಿರುತ್ತದೆ. ಎಂಜಿನ್ ಬದಲಾದರೆ ಅದನ್ನು ಆರ್‌ಟಿಓ ಕಚೇರಿಗೆ ತಿಳಿಸಿ ಆರ್‌ಸಿಯಲ್ಲಿ ತಿದ್ದಿಸಬೇಕು, ಅದಕ್ಕೆ ಎಂಜಿನ್ ಎಲ್ಲಿಂದ ಬಂತೆಂಬ ಬಿಲ್ಲು ಬೇಕು. ಬಿಲ್ಲಿಲ್ಲದ ಎಂಜಿನ್ ಕದ್ದ ವಾಹನದ್ದಾಗಿದ್ದರೆ ವಿಷಯ ಗ್ಯಾರೇಜಿನಿಂದ ಠಾಣೆಗೆ ಹೋಗುತ್ತದೆ. ಕದ್ದ ಮಾಲೆಂದು ತಿಳಿದೂ ಪಡೆಯುವುದು ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಡಿ ಅಪರಾಧ. ಈಗಾಗಲೇ ಎಂಜಿನ್ ಬದಲಾಗಿರುವ ಕಾರನ್ನು ಕೊಳ್ಳುವವರು ಎಂಜಿನ್ನಿನ ಮೈಮೇಲಿನ ಸಂಖ್ಯೆಯನ್ನೂ ಆರ್‌ಸಿಯ ಸಂಖ್ಯೆಯನ್ನೂ ಅಕ್ಷರ ಅಕ್ಷರ ಹೋಲಿಸಿ ನೋಡಬೇಕು.

ಭಾಗಗಳ ಲಭ್ಯತೆ ಬೆಲೆಯಷ್ಟೇ ಮುಖ್ಯ. ಮಾರುತಿ, ಹ್ಯುಂಡೈಗಳ ಹೆಚ್ಚು ಮಾರಾಟವಾದ ಮಾದರಿಗಳ ಪಿಸ್ಟನ್ನು, ಗ್ಯಾಸ್ಕೆಟ್ಟುಗಳು ಸುಲಭವಾಗಿ ಸಿಗುತ್ತವೆ, ಅವುಗಳ ಎಂಜಿನ್ ಬಿಚ್ಚಿ ಕಟ್ಟಿದ ಅನುಭವವಿರುವ ಕೈಗಳೂ ಎಲ್ಲೆಡೆ ಇವೆ. 2017ರ ಕೊನೆಗೆ ಭಾರತದ ಮಾರುಕಟ್ಟೆಯನ್ನು ಬಿಟ್ಟ ಷೆವರ್ಲೆ, 2021ರ ಸೆಪ್ಟೆಂಬರ್‌ನಲ್ಲಿ ಇಲ್ಲಿನ ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿದ ಫೋರ್ಡ್ ಕಾರುಗಳು ಎಷ್ಟೇ ಗಟ್ಟಿಮುಟ್ಟಾಗಿದ್ದರೂ, ಎಂಜಿನ್ ಕೆಲಸವಿರುವಾಗ ಕೊಳ್ಳುವುದಾದರೆ ಬೇಕಾದ ಭಾಗ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಂಡು ಮುಂದುವರಿಯಬೇಕು.

ಲೆಕ್ಕವನ್ನು ಒಂದು ಕಲ್ಪಿತ ಉದಾಹರಣೆಯಿಂದ ಸ್ಪಷ್ಟಪಡಿಸಬಹುದು. ಚೆನ್ನಾಗಿ ಓಡುತ್ತಿರುವ, ಅದೇ ವರ್ಷದ ಅದೇ ಮಾದರಿಯ ಕಾರು 1,60,000 ರೂಪಾಯಿಗೆ ಸಿಗುತ್ತದೆಂದು, ಎಂಜಿನ್ ಕೆಲಸವಿರುವ ಕಾರಿಗೆ 95,000 ಕೇಳುತ್ತಿದ್ದಾರೆಂದು, ದುರಸ್ತಿಗೆ 25,000 ಸಾಕೆಂದು ಮಾರುವವರು ಹೇಳುತ್ತಾರೆಂದು ಇಟ್ಟುಕೊಳ್ಳಬಹುದು. ಒಟ್ಟು 1,20,000, ಅಂದರೆ 40,000 ಉಳಿತಾಯವೆಂದು ಕಾಣುತ್ತದೆ. ಆದರೆ ಬಿಚ್ಚಿ ನೋಡಿದಾಗ ಫುಲ್ ಎಂಜಿನ್ ಕೆಲಸವೇ ಬೇಕಾಗಿ 70,000, ಅದರ ಜೊತೆಯ ಕ್ಲಚ್, ಪಂಪು, ಮೌಂಟಿಂಗುಗಳಿಗೆ 15,000 ಆದರೆ ಕಾರು 1,80,000ಕ್ಕೆ ಬಂದು ನಿಲ್ಲುತ್ತದೆ. ಚೆನ್ನಾಗಿರುವ ಕಾರಿಗಿಂತ 20,000 ಹೆಚ್ಚು. ಹೀಗಾಗಿ 1,60,000ದಿಂದ ಆ 85,000ವನ್ನೂ, ಕಾರು ಎಳೆಸುವುದು, ವಾರಗಟ್ಟಲೆ ಆಟೋ ಹಿಡಿಯುವುದು ಮುಂತಾದ ತೊಂದರೆಗಳಿಗೆ ಒಂದು 10,000ವನ್ನೂ ಕಳೆದು ಉಳಿಯುವ 65,000 ರೂಪಾಯಿಯೇ ಆ ಕಾರಿಗೆ ಕೊಡಬಹುದಾದ ಬೆಲೆ. ಕಂಪ್ರೆಷನ್ ಪರೀಕ್ಷೆಯಿಂದ ದೋಷ ಹೆಡ್ಡಿನಲ್ಲಿ ಮಾತ್ರವಿದೆಯೆಂದು ಸಿದ್ಧವಾದರೆ ಈ ಬೆಲೆಯನ್ನು ಏರಿಸಬಹುದು, ಮಾರುವವರ ಬಾಯಿಮಾತಿನಿಂದ ಏರಿಸಬಾರದು. ವಿಮೆ, ನವೀಕರಣ ಶುಲ್ಕ, ಟೈರುಗಳ ಖರ್ಚು ಚೆನ್ನಾಗಿರುವ ಕಾರಿಗೂ ಬರುವುದರಿಂದ ಈ ಹೋಲಿಕೆಯೊಳಗೆ ಅವು ಬರುವುದಿಲ್ಲ. ಕಾರೇ ಬೇಕೆ ಬೇಡವೆ ಎಂಬ ಪ್ರಶ್ನೆಗೆ ಮಾತ್ರ ಅವು ಸೇರುತ್ತವೆ. ಇನ್ನೊಂದು ಕಹಿ ಸತ್ಯವೆಂದರೆ, ದುರಸ್ತಿಗೆ ಹಾಕಿದ ಹಣ ಮುಂದೆ ಕಾರನ್ನು ಮಾರುವಾಗ ಹಿಂದಿರುಗಿ ಬರುವುದಿಲ್ಲ. ಹದಿನಾಲ್ಕು ವರ್ಷದ ಕಾರು ಹೊಸ ಪಿಸ್ಟನ್ ಇದ್ದರೂ ಹದಿನಾಲ್ಕು ವರ್ಷದ ಕಾರೇ.

ಹಾಗಾದರೆ ಇಂಥ ಕಾರು ಯಾರಿಗೂ ಬೇಡವೆ ಎಂದರೆ ಹಾಗೇನಿಲ್ಲ. 2023ರ ಅಕ್ಟೋಬರ್ 9ರಂದು ಬೈಯಪ್ಪನಹಳ್ಳಿ ಮತ್ತು ಕೆ.ಆರ್. ಪುರದ ನಡುವಿನ ಮೆಟ್ರೋ ಕೊಂಡಿ ತೆರೆದು ನೇರಳೆ ಮಾರ್ಗ ವೈಟ್‌ಫೀಲ್ಡಿನವರೆಗೆ ಅಖಂಡವಾದ ಮೇಲೆ, ಈ ಭಾಗದ ಅನೇಕರಿಗೆ ದಿನದ ಕೆಲಸಕ್ಕೆ ಕಾರಿನ ಅಗತ್ಯ ಉಳಿದಿಲ್ಲ. ವಯಸ್ಸಾದವರನ್ನು ಆಸ್ಪತ್ರೆಗೆ ಕರೆದೊಯ್ಯಲು, ಭಾನುವಾರ ನೆಂಟರ ಮನೆಗೆ ಹೋಗಲು ವರ್ಷಕ್ಕೆ ಮೂರು ನಾಲ್ಕು ಸಾವಿರ ಕಿಲೋಮೀಟರ್ ಓಡಿಸುವವರಿಗೆ, ಸರಿಯಾದ ಬೆಲೆಗೆ ಸಿಕ್ಕಿ ಸರಿಯಾಗಿ ಕಟ್ಟಿದ ಹಳೆಯ ಪೆಟ್ರೋಲ್ ಕಾರು ಹೊಸ ಕಾರಿನ ಸಾಲಕ್ಕಿಂತ ಖಂಡಿತವಾಗಿ ಮೇಲು. ಪ್ರತಿದಿನ ಅದರಲ್ಲೇ ದುಡಿಮೆಗೆ ಹೋಗಬೇಕಾದವರಿಗೆ, ಒಂದು ದಿನ ಕಾರು ಗ್ಯಾರೇಜಿನಲ್ಲಿ ನಿಂತರೆ ಒಂದು ದಿನದ ಸಂಪಾದನೆ ತಪ್ಪುವವರಿಗೆ ಇದು ಹೇಳಿದ್ದಲ್ಲ. ಹಳೆಯ ಕಾರಿಗೆ ಇಂದಿನ ಪೆಟ್ರೋಲೂ ಒಂದು ಪರೀಕ್ಷೆಯೇ: 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ನಡೆದ ಸಮಾವೇಶದಲ್ಲಿ ಬಿಡುಗಡೆಯಾಗಿ ಈಗ ಎಲ್ಲೆಡೆ ಸಿಗುತ್ತಿರುವ, ಶೇ. 20ರಷ್ಟು ಎಥೆನಾಲ್ ಬೆರೆತ ಇ20 ಪೆಟ್ರೋಲು ಹಳೆಯ ರಬ್ಬರ್ ಕೊಳವೆ, ಗ್ಯಾಸ್ಕೆಟ್ಟುಗಳನ್ನು ಬೇಗ ಕೆಡಿಸಬಲ್ಲದು, ಮೈಲೇಜನ್ನೂ ಸ್ವಲ್ಪ ಇಳಿಸುತ್ತದೆ. ಎಂಜಿನ್ ಬಿಚ್ಚಿದಾಗಲೇ ಇಂಧನದ ಕೊಳವೆಗಳನ್ನು ಹೊಸದಾಗಿ ಹಾಕಿಸುವುದು ಒಳ್ಳೆಯದು. ಥರ್ಡ್ ಪಾರ್ಟಿ ವಿಮೆ ಕಡ್ಡಾಯ, 2022ರ ಜೂನ್‌ನಿಂದ 1,000 ಸಿಸಿ ಒಳಗಿನ ಕಾರಿಗೆ ಅದರ ಮೂಲ ದರ ವರ್ಷಕ್ಕೆ 2,094 ರೂಪಾಯಿ. ಆದರೆ ಯಾವ ಸಾಮಾನ್ಯ ವಿಮೆಯೂ ಎಂಜಿನ್ನಿನ ಸವೆತಕ್ಕೆ ಹಣ ಕೊಡುವುದಿಲ್ಲ.

ಕಾಗದಪತ್ರಗಳ ವಿಷಯದಲ್ಲಿ ಕೇಂದ್ರ ಸರ್ಕಾರದ ಎಂ-ಪರಿವಾಹನ್ ಆ್ಯಪ್‌ನಲ್ಲಿ ವಾಹನ ಸಂಖ್ಯೆ ಹಾಕಿದರೆ ನೋಂದಣಿಯ ಅವಧಿ, ವಿಮೆ, ಎಮಿಷನ್ ಟೆಸ್ಟ್, ಸಾಲದ ಹೈಪೋಥಿಕೇಷನ್ ಕಾಣುತ್ತವೆ; ಬಾಕಿ ದಂಡಗಳನ್ನು ಬೆಂಗಳೂರು ಸಂಚಾರ ಪೊಲೀಸರ ಜಾಲತಾಣದಲ್ಲಿ ನೋಡಬಹುದು. ವ್ಯಾಪಾರಿಯಿಂದ ಕೊಳ್ಳುವುದಾದರೆ, 2023ರ ಏಪ್ರಿಲ್ 1ರಿಂದ ಹಳೆಯ ವಾಹನಗಳ ವ್ಯಾಪಾರಿಗಳು ಸಾರಿಗೆ ಇಲಾಖೆಯಿಂದ ಅಧಿಕಾರ ಪತ್ರ ಪಡೆದಿರಬೇಕೆಂಬ ನಿಯಮವಿದ್ದು, ಅದನ್ನು ತೋರಿಸಲು ಕೇಳುವುದು ಕೊಳ್ಳುವವರ ಹಕ್ಕು. ಹೊರರಾಜ್ಯದ ಕಾರಾದರೆ ಮೂಲ ಆರ್‌ಟಿಓದ ನಿರಾಕ್ಷೇಪಣಾ ಪತ್ರ, ಕರ್ನಾಟಕದ ತೆರಿಗೆ, ಹೊಸ ನೋಂದಣಿ ಸಂಖ್ಯೆ ಎಲ್ಲವೂ ಬೇಕಾಗಿ ಅಗ್ಗವೆಂದು ಕಂಡ ಬೆಲೆ ಅಗ್ಗವಾಗಿ ಉಳಿಯುವುದಿಲ್ಲ. ಮಾರಾಟವಾದ ಮೇಲೆ ಮೋಟಾರು ವಾಹನ ಕಾಯ್ದೆಯ 50ನೆಯ ಕಲಮಿನ ಪ್ರಕಾರ ರಾಜ್ಯದೊಳಗಿನ ವರ್ಗಾವಣೆಯನ್ನು ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ಆರ್‌ಟಿಓಗೆ ವರದಿ ಮಾಡಬೇಕು. ನಮೂನೆ 29 ಮತ್ತು 30 ಇದಕ್ಕಾಗಿಯೇ ಇವೆ. ದಾಖಲೆಯಲ್ಲಿ ಹೆಸರಿರುವವರೇ ಅಪಘಾತದ ಪರಿಹಾರಕ್ಕೆ ಹೊಣೆಗಾರರಾದ ಮಾಲೀಕರೆಂದು 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ನವೀನ್ ಕುಮಾರ್ ಪ್ರಕರಣದಲ್ಲಿ ತೀರ್ಪಿತ್ತಿರುವುದರಿಂದ, ಎಂಜಿನ್ ಸರಿಹೋದ ಮೇಲೆ ಹೆಸರು ಬದಲಿಸಿಕೊಳ್ಳುವೆನೆಂಬ ಕೊಳ್ಳುವವರ ಮಾತಿಗೆ ಮಾರುವವರು ಒಪ್ಪಬಾರದು. ಮತ್ತೊಬ್ಬರ ಹೆಸರಿನಲ್ಲಿರುವ ಕಾರಿಗೆ ತಮ್ಮ ಹಣ ಸುರಿದು ಎಂಜಿನ್ ಬಿಚ್ಚಿಸುವುದು ಕೊಳ್ಳುವವರಿಗೂ ಕ್ಷೇಮವಲ್ಲ.

ಹೊಸದಾಗಿ ಕಟ್ಟಿದ ಎಂಜಿನ್ನಿನ ರಿಂಗುಗಳು ಸಿಲಿಂಡರಿನ ಗೋಡೆಗೆ ಹೊಂದಿಕೊಳ್ಳಲು ಮೊದಲ ಸಾವಿರ ಕಿಲೋಮೀಟರ್ ಬೇಕಾಗುತ್ತದೆ, ಆ ಅವಧಿಯಲ್ಲಿ ಎಂಜಿನ್ನನ್ನು ಅತಿವೇಗಕ್ಕೂ ಒಯ್ಯಬಾರದು, ದಟ್ಟಣೆಯಲ್ಲಿ ಗಂಟೆಗಟ್ಟಲೆ ನಿಂತಲ್ಲೇ ಓಡಲೂ ಬಿಡಬಾರದು. ಇಂಥ ಕಾರನ್ನು ಕೊಂಡು ಕಟ್ಟಿಸಿದ ಓದುಗರು ಮೊದಲ ಕೆಲವು ಭಾನುವಾರಗಳ ಮುಂಜಾನೆ, ರಸ್ತೆ ಖಾಲಿಯಿರುವಾಗ, ಕೆ.ಆರ್. ಪುರ ದಾಟಿ ಹೊಸಕೋಟೆಯವರೆಗೆ ಹದವಾದ ವೇಗದಲ್ಲಿ ಹೋಗಿ ಬರಲಿ. ಸಾವಿರ ಕಿಲೋಮೀಟರ್ ತುಂಬಿದ ದಿನ ಎಣ್ಣೆಯನ್ನೂ ಎಣ್ಣೆ ಫಿಲ್ಟರನ್ನೂ ತಪ್ಪದೆ ಬದಲಿಸಲಿ.